ಸಿಎಜಿ ವರದಿಯಲ್ಲಿ ಬಂದರೆ ಹಗರಣ ಸಾಬೀತಾದಂತೆಯೇ?

‘ಇಷ್ಟು ಸಾವಿರ ಕೋಟಿ ಗುಳುಂ! ಸಿಎಜಿ ವರದಿಯಲ್ಲೇ ಸಾಬೀತು!’ ಇಂಥ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಸರ್ಕಾರ ಬದಲಾದರೆ ಹೆಸರು, ಮೊತ್ತ ಬದಲಾಗುತ್ತವೆ. ಧಾಟಿ ಮಾತ್ರ ಅದೇ. ಕೆಲವು ವರ್ಷಗಳ ನಂತರ ಇನ್ನೊಂದು ಬರುತ್ತದೆ: ‘ಯಾರೂ ಜೈಲಿಗೆ ಹೋಗಲಿಲ್ಲ, ಅಂದರೆ ಎಲ್ಲವೂ ಕಟ್ಟುಕತೆ.’ ಎರಡೂ ತಪ್ಪು. ಏಕೆಂದರೆ ಎರಡೂ ನಡುವಿನ ಒಂದು ಮುಖ್ಯ ಹಂತವನ್ನೇ ಬಿಟ್ಟುಬಿಡುತ್ತವೆ.

ಸಿಎಜಿ, ಅಂದರೆ ಮಹಾಲೇಖಪಾಲರು, ಸರ್ಕಾರದ ಖರ್ಚಿನ ಲೆಕ್ಕ ತಪಾಸಣೆ ಮಾಡುವವರು. ಅವರು ನ್ಯಾಯಾಧೀಶರಲ್ಲ. ಸಂವಿಧಾನದ 151ನೇ ವಿಧಿಯಂತೆ ಅವರ ವರದಿ ರಾಷ್ಟ್ರಪತಿಗೆ ಹೋಗಿ, ಅಲ್ಲಿಂದ ಸಂಸತ್ತಿನಲ್ಲಿ ಮಂಡನೆಯಾಗುತ್ತದೆ. ಅದನ್ನು ಕೈಗೆತ್ತಿಕೊಂಡು ಪ್ರಶ್ನೆ ಕೇಳುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ (ಪಿಎಸಿ).

ಬ್ರಿಟಿಷರ ಕಾಲದಲ್ಲಿ, 1921ರಲ್ಲೇ ಹುಟ್ಟಿದ ಸಮಿತಿ ಇದು. ಈಗ 22 ಸದಸ್ಯರು: ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಅವಧಿ ಒಂದೇ ವರ್ಷ. ಸಚಿವರಾದವರು ಸದಸ್ಯರಾಗುವಂತಿಲ್ಲ. 1967ರಿಂದ ಅಧ್ಯಕ್ಷ ಸ್ಥಾನ ವಿರೋಧ ಪಕ್ಷಕ್ಕೆ ಕೊಡುವ ಸಂಪ್ರದಾಯ ಬೆಳೆದಿದೆ; ನಮ್ಮ ಮಲ್ಲಿಕಾರ್ಜುನ ಖರ್ಗೆಯವರೂ ಈ ಹುದ್ದೆಯಲ್ಲಿದ್ದರು.

ಸಮಿತಿ ಎಲ್ಲ ವರದಿಗಳನ್ನೂ ಪೂರ್ತಿ ವಿಚಾರಿಸುವುದಿಲ್ಲ, ಆಯ್ದ ವಿಷಯಗಳನ್ನಷ್ಟೇ ಹಿಡಿಯುತ್ತದೆ. ಸಚಿವರನ್ನು ಕರೆಸುವ ಪದ್ಧತಿಯಿಲ್ಲ; ಇಲಾಖೆಯ ಕಾರ್ಯದರ್ಶಿ ಬಂದು ಉತ್ತರಿಸಬೇಕು. ಸಂಸತ್ತು ಇದಕ್ಕೆಂದೇ ಕೊಟ್ಟ ದುಡ್ಡು ಇದಕ್ಕೇ ಹೋಯಿತೇ? ಹೆಚ್ಚು ಏಕೆ ಖರ್ಚಾಯಿತು? ಅನುಮತಿ ಕೊಟ್ಟವರು ಯಾರು? ಸಿಎಜಿ ಅಧಿಕಾರಿಗಳೂ ನೆರವಿಗೆ ಪಕ್ಕದಲ್ಲೇ ಇರುತ್ತಾರೆ. ಬಾಗಿಲು ಮುಚ್ಚಿ ನಡೆಯುವ ಸಭೆ, ಟಿವಿ ಕ್ಯಾಮೆರಾ ಇಲ್ಲ. ಹೀಗಾಗಿ ಸದನದಲ್ಲಿ ಕಾಣುವ ಕೂಗಾಟ ಇಲ್ಲಿ ಕಡಿಮೆ. ಸಂಸದರು ಕೆಲಸವನ್ನೇ ಮಾಡುವುದಿಲ್ಲ ಎಂದು ನಮಗೆ ಅನ್ನಿಸಲು ಇದೂ ಒಂದು ಕಾರಣವಿರಬೇಕು.

ಆದರೆ ರಾಜಕೀಯ ಒಳಗೆ ನುಸುಳುವುದೇ ಇಲ್ಲ ಎಂದಲ್ಲ. 2ಜಿ ಪ್ರಕರಣವನ್ನೇ ನೋಡಿ. 2010ರ ಸಿಎಜಿ ವರದಿ ನಷ್ಟವನ್ನು ಬೇರೆ ಬೇರೆ ವಿಧಾನದಲ್ಲಿ ಅಂದಾಜು ಮಾಡಿತ್ತು: ಕನಿಷ್ಠ 57,666 ಕೋಟಿ, ಗರಿಷ್ಠ 1,76,645 ಕೋಟಿ ರೂಪಾಯಿ. ಜನರ ಬಾಯಲ್ಲಿ ಉಳಿದದ್ದು ದೊಡ್ಡ ಅಂಕಿ ಮಾತ್ರ. ಅದೂ ಯಾರೋ ಜೇಬಿಗಿಳಿಸಿದ ಹಣವಲ್ಲ, ಬೇರೆ ರೀತಿ ಮಾರಿದ್ದರೆ ಬರಬಹುದಾಗಿತ್ತು ಎಂಬ ಅಂದಾಜು. ಮುರಳಿ ಮನೋಹರ ಜೋಶಿ ಅಧ್ಯಕ್ಷತೆಯ ಪಿಎಸಿ 2011ರಲ್ಲಿ ಕರಡು ವರದಿ ಸಿದ್ಧಪಡಿಸಿದಾಗ, ಆಡಳಿತ ಪಕ್ಷದವರೂ ಅವರ ಬೆಂಬಲಿಗರೂ ಸೇರಿ ಅದನ್ನು ತಿರಸ್ಕರಿಸಿದರು. ಒಮ್ಮತದಿಂದ ನಡೆಯಬೇಕಾದ ಸಮಿತಿ ಅಂದು ಎರಡಾಗಿ ಒಡೆಯಿತು. 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಖುಲಾಸೆಗೊಳಿಸಿತು. ಸಿಬಿಐ ಮೇಲ್ಮನವಿ ಸಲ್ಲಿಸಿತು. ಹಂಚಿಕೆ ತಪ್ಪು ಎಂದ ತೀರ್ಪೂ ಇದೆ, ಅಪರಾಧ ಸಾಬೀತಾಗಿಲ್ಲ ಎಂದ ತೀರ್ಪೂ ಇದೆ. ಫಾರ್ವರ್ಡ್‌ಗಳು ತಮಗೆ ಬೇಕಾದ ಅರ್ಧವನ್ನು ಎತ್ತಿಕೊಳ್ಳುತ್ತವೆ.

ಪಿಎಸಿ ಯಾರನ್ನೂ ಜೈಲಿಗೆ ಕಳಿಸಲಾರದು. ಅದರ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ಆದರೆ ಏನು ಕ್ರಮ ಕೈಗೊಂಡಿರಿ, ಒಪ್ಪದಿದ್ದರೆ ಏಕೆ ಎಂದು ಆರು ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕು. ಉತ್ತರ ಸಮಾಧಾನ ತರದಿದ್ದರೆ ಸಮಿತಿ ಮತ್ತೊಂದು ವರದಿಯಲ್ಲಿ ಅದನ್ನೂ ದಾಖಲಿಸುತ್ತದೆ. ದುಡ್ಡು ಖರ್ಚಾಗಿ ವರ್ಷಗಳಾದ ಮೇಲೆ ಇದೆಲ್ಲ ನಡೆಯುತ್ತದೆ ಎಂಬುದು ಹಳೆಯ ದೂರು, ಅದರಲ್ಲಿ ಹುರುಳಿದೆ. ಖರ್ಚಿಗೆ ಮುನ್ನ ಇಲಾಖೆಗಳ ಬಜೆಟ್ ಬೇಡಿಕೆ ನೋಡಲು 24 ಸ್ಥಾಯಿ ಸಮಿತಿಗಳು ಬೇರೆಯೇ ಇವೆ.

ಮುಂದಿನ ಸಲ ಇಂಥ ಸಂದೇಶ ಬಂದರೆ ವರದಿಯ ಸಂಖ್ಯೆ ಮತ್ತು ವರ್ಷ ಇದೆಯೇ ನೋಡಿ. ಇದ್ದರೆ ಸಿಎಜಿ ಜಾಲತಾಣದಲ್ಲಿ ಆ ವರದಿ ತೆರೆಯಿರಿ; ಆಕ್ಷೇಪದ ಜೊತೆಗೇ ಇಲಾಖೆ ಕೊಟ್ಟ ಉತ್ತರವೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಪಿಎಸಿ ವರದಿಗಳು ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತವೆ. ರಾಜ್ಯದ ಖರ್ಚಿನ ವಿಷಯವಾದರೆ ದೆಹಲಿಯಲ್ಲಿ ಹುಡುಕಬೇಡಿ, ಅದಕ್ಕೆ ವಿಧಾನಸೌಧದಲ್ಲೇ ಪ್ರತ್ಯೇಕ ಪಿಎಸಿ ಇದೆ.