ವಾರ್ಡಿನಿಂದ ತರಗತಿಗೆ, ತರಗತಿಯಿಂದ ಮನೆಗೆ

ಪಿಯುಸಿ ಮುಗಿದ ಕೂಡಲೇ ನರ್ಸಿಂಗ್ ಡಿಪ್ಲೊಮಾ (ಜಿಎನ್‌ಎಂ) ಸೇರಿ ನರ್ಸ್ ಆದವರು ನಮ್ಮ ಯಾವ ಜಿಲ್ಲಾಸ್ಪತ್ರೆಗೆ ಹೋದರೂ ಸಿಗುತ್ತಾರೆ. ಮೂರು ವರ್ಷ ಓದು, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ, ಆಮೇಲೆ ಕೆಲಸ. ತಮ್ಮನ ಫೀಸು, ಅಪ್ಪನ ಸಾಲ, ತನ್ನದೇ ಮದುವೆಯ ಖರ್ಚು ಎಲ್ಲಕ್ಕೂ ಆ ಸಂಬಳವೇ ಆಧಾರ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಯುವ ತನಕ ಕಾಯುವ ಶಕ್ತಿ ಆ ಮನೆಗಳಿಗೆ ಇರುವುದಿಲ್ಲ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಹೀಗೆ ಕೆಲಸಕ್ಕೆ ಸೇರಿದ ಹುಡುಗಿ ಇಡೀ ವಾರ್ಡು ನೆಚ್ಚಿಕೊಂಡ ಸಿಸ್ಟರ್ ಆಗಿರುತ್ತಾಳೆ. ಹೊಸ ಡಾಕ್ಟರಿಗೆ ಸಿಗದ ರಕ್ತನಾಳ ಅವಳ ಬೆರಳಿಗೆ ಸಿಗುತ್ತದೆ. ರೋಗಿಯ ಮುಖ ನೋಡಿಯೇ ಏನೋ ಸರಿಯಿಲ್ಲ ಎಂದು ಹೇಳಬಲ್ಲಳು. ಆದರೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕೆಂದರೆ, ಎಂ.ಎಸ್ಸಿ. ಓದಬೇಕೆಂದರೆ ಮೊದಲು ಕೇಳುವುದು ಡಿಗ್ರಿಯನ್ನು. ಆ ಪ್ರಶ್ನೆ ಎದುರಾಗುವ ಹೊತ್ತಿಗೆ ಮನೆಯಲ್ಲಿ ಒಂದು ಮಗು ಒಂದನೇ ತರಗತಿಯಲ್ಲಿ, ಇನ್ನೊಂದು ಅಂಗನವಾಡಿಯಲ್ಲಿ.

ಹಾಗಿದ್ದೂ ಓದಲು ಹೊರಡುವವರಿದ್ದಾರೆ. ಅವರು ಪಾಸಾದ ದಿನ ಶಾಲು ಹೊದಿಸಿ ಹೊಗಳುತ್ತೇವೆ. ಓದುತ್ತಿರುವಾಗ ಮಾತ್ರ ಅದು ಅವರ ಖಾಸಗಿ ವಿಷಯ ಎಂಬಂತೆ ದೂರ ನಿಲ್ಲುತ್ತೇವೆ. ಈ ಧೋರಣೆ ಬದಲಾಗಬೇಕು. ಆ ಓದಿನ ಫಲ ಉಣ್ಣುವವರು ನಾವೆಲ್ಲರೂ, ಆದ್ದರಿಂದ ಅದರ ಭಾರದಲ್ಲೂ ನಮಗೆ ಪಾಲಿದೆ.

ಓದಿದ ನರ್ಸು, ಉಳಿದ ಜೀವ

ಈ ಮಾತಿಗೆ ಗಟ್ಟಿ ಆಧಾರವಿದೆ. ಅಮೆರಿಕದ ಸಂಶೋಧಕಿ ಲಿಂಡಾ ಐಕನ್ ಮತ್ತು ಅವರ ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ದಾಖಲೆಗಳನ್ನು ಅಧ್ಯಯನ ಮಾಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿತು. ಪದವೀಧರ ನರ್ಸ್‌ಗಳ ಪಾಲು ಶೇ 10ರಷ್ಟು ಹೆಚ್ಚಿದ್ದ ಕಡೆ ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇ 5ರಷ್ಟು ಕಡಿಮೆ ಇತ್ತು. 2014ರಲ್ಲಿ ಯುರೋಪಿನ 9 ದೇಶಗಳ 300 ಆಸ್ಪತ್ರೆಗಳ ಅಧ್ಯಯನದಲ್ಲಿ ಆ ಇಳಿಕೆ ಶೇ 7. ಅದೇ ಅಧ್ಯಯನ ಇನ್ನೊಂದನ್ನೂ ಕಂಡುಕೊಂಡಿತು: ಒಬ್ಬ ನರ್ಸ್ ಮೇಲೆ ಒಬ್ಬ ರೋಗಿಯ ಭಾರ ಹೆಚ್ಚಾದರೆ ಸಾವಿನ ಸಂಭವ ಶೇ 7ರಷ್ಟು ಏರುತ್ತದೆ. ನರ್ಸ್‌ನ ಓದೂ ಮುಖ್ಯ, ಅವಳ ಮೇಲಿನ ಹೊರೆ ತಗ್ಗುವುದೂ ಅಷ್ಟೇ ಮುಖ್ಯ.

ಡಿಗ್ರಿಯ ಪಠ್ಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನ, ಪೌಷ್ಟಿಕತೆ, ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯದ ಜೊತೆಗೆ ನರ್ಸಿಂಗ್ ಆಡಳಿತ, ಸಂಶೋಧನೆ, ಸಂಖ್ಯಾಶಾಸ್ತ್ರವೂ ಇವೆ. ಹಾಸಿಗೆ ಹಿಡಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಜಿಎನ್‌ಎಂನಲ್ಲೇ ಕಲಿಸುತ್ತಾರೆ. ಈ ವಾರ್ಡಿನಲ್ಲಿ ಈ ತಿಂಗಳು ಬೆಡ್‌ಸೋರ್ ಯಾಕೆ ಜಾಸ್ತಿಯಾಯಿತು, ಯಾವ ಶಿಫ್ಟಿನಲ್ಲಿ ಮಗ್ಗುಲು ಬದಲಿಸುವುದು ತಪ್ಪುತ್ತಿದೆ ಎಂದು ಲೆಕ್ಕ ಇಟ್ಟು, ಮೇಲಿನವರ ಮುಂದೆ ಅಂಕಿ ಸಮೇತ ಹೇಳುವ ಧೈರ್ಯ ಈ ಓದಿನಿಂದ ಬರುತ್ತದೆ. ಹತ್ತು ವರ್ಷ ವಾರ್ಡಿನಲ್ಲಿ ಬೆವರು ಸುರಿಸಿದವಳ ಕೈಗೆ ಆ ಸಾಧನ ಸಿಕ್ಕರೆ ಪುಸ್ತಕ ಮತ್ತು ಅನುಭವ ಎರಡೂ ಒಂದೇ ಕಡೆ ಸೇರುತ್ತವೆ.

ಇರುವ ದಾರಿಗಳು

ಭಾರತದಲ್ಲಿ ನರ್ಸಿಂಗ್ ಪದವಿ ಆರಂಭವಾದದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರಿನಲ್ಲಿ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರಿಗೆ ಇಂದು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್. ಇದು ಪೂರ್ಣಾವಧಿ ಕೋರ್ಸ್. ಸರ್ಕಾರಿ ಸೇವೆಯಲ್ಲಿರುವ ಕೆಲವರಿಗೆ ನಿಯೋಜನೆಯ ಮೇಲೆ ಹೋಗುವ ಅವಕಾಶ ಸಿಗುತ್ತದೆ. ಖಾಸಗಿ ಆಸ್ಪತ್ರೆಯವರು ಹೆಚ್ಚಾಗಿ ಕೆಲಸ ಬಿಟ್ಟೇ ಸೇರಬೇಕು.

ಎರಡನೆಯದು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ್ದು. ಸೇವೆಯಲ್ಲಿರುವ ನರ್ಸ್‌ಗಳಿಗೆಂದೇ ರೂಪಿಸಿದ ಈ ಕೋರ್ಸಿಗೆ ಕನಿಷ್ಠ 3 ವರ್ಷ ಬೇಕು. ಪಿಯುಸಿ, ಜಿಎನ್‌ಎಂ, ನೋಂದಣಿಯ ನಂತರ 2 ವರ್ಷದ ಅನುಭವ ಇದ್ದವರು ಪ್ರವೇಶ ಪರೀಕ್ಷೆ ಬರೆಯಬಹುದು. ಥಿಯರಿಯನ್ನು ಮನೆಯಲ್ಲೇ ಓದಿಕೊಳ್ಳಬಹುದು, ಆದರೆ ಪ್ರಾಯೋಗಿಕ ತರಗತಿಗೆ ನಿಗದಿಯಾದ ಕೇಂದ್ರಕ್ಕೆ ಹೋಗಲೇಬೇಕು. ಹೆರಿಗೆ ಮಾಡಿಸುವುದನ್ನು, ನವಜಾತ ಶಿಶುವಿನ ಉಸಿರಾಟ ಗಮನಿಸುವುದನ್ನು ಪುಸ್ತಕ ಓದಿ ಕಲಿಯಲಾಗದು.

ಇಲ್ಲೇ ಎಚ್ಚರವೂ ಬೇಕು. 'ಕಾಲೇಜಿಗೆ ಬರುವುದೇ ಬೇಡ, ಪರೀಕ್ಷೆಗೆ ಬಂದರೆ ಸಾಕು' ಎನ್ನುವ ಏಜೆಂಟರು ಗುರಿಯಿಡುವುದು ಪುರುಸೊತ್ತಿಲ್ಲದ ತಾಯಂದಿರನ್ನೇ. ಅಂಥ ಕಡೆ ಕಟ್ಟಿದ ದುಡ್ಡು ಕೌನ್ಸಿಲ್‌ನ ನೋಂದಣಿ ಕೌಂಟರಿನಲ್ಲಿ ವ್ಯರ್ಥವಾಗಬಹುದು. ಸೇರುವ ಮುನ್ನ ಕೋರ್ಸಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಮತ್ತು ರಾಜ್ಯ ಕೌನ್ಸಿಲ್‌ನ ಮಾನ್ಯತೆ ಇದೆಯೇ, ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಮಾನ್ಯ ವಿಶ್ವವಿದ್ಯಾಲಯದ ಅಡಿಯಲ್ಲಿದೆಯೇ ಎಂದು ಸ್ವತಃ ನೋಡಿಕೊಳ್ಳಿ. ಆಸ್ಪತ್ರೆಯ ನಿರಾಕ್ಷೇಪಣಾ ಪತ್ರವನ್ನು ಬರವಣಿಗೆಯಲ್ಲಿ ಪಡೆಯಿರಿ. ಮೂಲ ಅಂಕಪಟ್ಟಿಗಳು ಆಸ್ಪತ್ರೆಯ ಬೀರುವಿನಲ್ಲಿದ್ದರೆ ಅವನ್ನು ಮೊದಲು ಬಿಡಿಸಿಕೊಳ್ಳಿ.

ಎಲ್ಲ ಗಂಟೂ ಡ್ಯೂಟಿ ಪಟ್ಟಿಯಲ್ಲಿ

ಓದುವ ತಾಯಿಗೆ ಬುದ್ಧಿಯ ಕೊರತೆಯಿಲ್ಲ, ಛಲದ ಕೊರತೆಯೂ ಇಲ್ಲ. ಅವಳಿಗೆ ಸಿಗದಿರುವುದು ಮುಂಚಿತವಾಗಿ ಗೊತ್ತಿರುವ ಸಮಯ. ಬೆಳಗಿನ ಶಿಫ್ಟು, ಮಧ್ಯಾಹ್ನದ ಶಿಫ್ಟು, ನೈಟ್ ಡ್ಯೂಟಿ ಸರದಿಯಲ್ಲಿ ಬರುತ್ತವೆ. ಮುಂದಿನ ವಾರ ಯಾವ ಶಿಫ್ಟು ಎಂಬುದು ಶನಿವಾರ ಸಂಜೆಯ ತನಕ ತಿಳಿಯದಿದ್ದರೆ ಮಗುವನ್ನು ಯಾರ ಹತ್ತಿರ ಬಿಡುವುದು, ಅಸೈನ್‌ಮೆಂಟ್ ಯಾವಾಗ ಬರೆಯುವುದು, ಯಾವುದನ್ನೂ ಯೋಚಿಸಿ ಇಡಲಾಗದು. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗ್ಗೆ ಹ್ಯಾಂಡಿಂಗ್ ಓವರ್ ಮುಗಿಸಿ ನೇರ ಪ್ರಾಯೋಗಿಕ ತರಗತಿಗೆ ಹೋದವಳು ಏನು ಕಲಿತಾಳು? ಆ ದಿನ ಸಂಜೆ ಮತ್ತೆ ಡ್ಯೂಟಿಗೆ ಬಂದರೆ ಇಂಜೆಕ್ಷನ್ನಿನ ಪ್ರಮಾಣ ನೋಡುವ ಕಣ್ಣೇ ಮಂಜಾಗಿರುತ್ತದೆ. ಇದು ಅವಳಿಗೂ ಅಪಾಯ, ರೋಗಿಗೂ ಅಪಾಯ.

ಪರಿಹಾರಕ್ಕೆ ಹೊಸ ಕಟ್ಟಡ ಬೇಕಿಲ್ಲ. ತಿಂಗಳ ಡ್ಯೂಟಿ ಪಟ್ಟಿಯನ್ನು ಹಿಂದಿನ ತಿಂಗಳೇ ಪ್ರಕಟಿಸಬಹುದು. ಪರೀಕ್ಷೆ ಮತ್ತು ಪ್ರಾಯೋಗಿಕ ತರಗತಿಯ ಹಿಂದಿನ ರಾತ್ರಿ ನೈಟ್ ಡ್ಯೂಟಿ ಹಾಕದೆ ಇರಬಹುದು. ಸಹೋದ್ಯೋಗಿಗಳು ಪರಸ್ಪರ ಶಿಫ್ಟು ಬದಲಿಸಿಕೊಳ್ಳಲು ಲಿಖಿತ ಅವಕಾಶ ಕೊಡಬಹುದು. ಒಬ್ಬರು ರಜೆ ಹಾಕಿದರೆ ಇಡೀ ವಾರ್ಡು ಕುಸಿಯುವಷ್ಟು ಕಡಿಮೆ ಸಿಬ್ಬಂದಿ ಇದ್ದರೆ ಇವು ಯಾವುವೂ ನಡೆಯುವುದಿಲ್ಲ. ಆದ್ದರಿಂದ ಖಾಲಿ ಹುದ್ದೆ ತುಂಬುವುದು ಇದೇ ಹೋರಾಟದ ಭಾಗ.

ಮಗು ಯಾರ ಮಡಿಲಲ್ಲಿ?

2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ಕೊಟ್ಟಿತು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿಬರಬಹುದು ಎಂದೂ ಹೇಳಿತು. ಆದರೆ ಆಸ್ಪತ್ರೆ ರಾತ್ರಿ ಬಾಗಿಲು ಹಾಕುವ ಜಾಗವಲ್ಲ. ಸಂಜೆ ಮುಚ್ಚುವ ಕೇಂದ್ರದಿಂದ ನೈಟ್ ಡ್ಯೂಟಿಯ ತಾಯಿಗೆ ಏನೂ ಉಪಯೋಗವಿಲ್ಲ. ಆಸ್ಪತ್ರೆಯ ಶಿಶುಪಾಲನಾ ಕೇಂದ್ರ ಆಸ್ಪತ್ರೆಯ ಗಡಿಯಾರವನ್ನೇ ಅನುಸರಿಸಬೇಕು.

ಅಲ್ಲಿಯ ತನಕ ಆ ಭಾರ ಹೊರುವವರು ಅಜ್ಜಿಯಂದಿರು. ಅತ್ತೆಯೋ ತವರಿನ ಅಮ್ಮನೋ ಬಂದು ನಿಂತ ಮನೆಗಳಲ್ಲಿ ಓದು ಮುಂದುವರಿಯುತ್ತದೆ. ಗಂಡನ ಪಾಲನ್ನು ಮಾತ್ರ ಸಹಾಯ ಎಂದು ಕರೆಯುವುದನ್ನು ಬಿಡಬೇಕು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಆ ಅಂತರದಲ್ಲಿ ಒಂದು ಗಂಟೆಯನ್ನು ಗಂಡ ಹೊತ್ತುಕೊಂಡರೂ ಹೆಂಡತಿಗೆ ದಿನಕ್ಕೊಂದು ಪಾಠ ಓದುವ ಸಮಯ ಸಿಕ್ಕೀತು. ರಾತ್ರಿಯ ಅಡುಗೆ, ಮಕ್ಕಳ ಹೋಂವರ್ಕು, ಬೆಳಗಿನ ಟಿಫಿನ್ ಡಬ್ಬಿ ಇವುಗಳಲ್ಲಿ ಯಾವುದು ಯಾರದ್ದು ಎಂದು ಕೋರ್ಸಿಗೆ ಅರ್ಜಿ ಹಾಕುವ ದಿನವೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ಮಕ್ಕಳು ಈ ಓದಿಗೆ ಬರೀ ಅಡ್ಡಿಯೇನಲ್ಲ. ಯಾವ ತಿಂಗಳಿಗೆ ಕತ್ತು ನಿಲ್ಲಬೇಕು, ಯಾವಾಗ ಮಾತು ಮೂಡಬೇಕು ಎಂಬ ಪಾಠವನ್ನು ಮಗು ಸಾಕಿದ ತಾಯಿ ತನ್ನ ಅನುಭವದ ಜೊತೆ ಹೊಂದಿಸಿ ಓದುತ್ತಾಳೆ. ಮಕ್ಕಳ ವಾರ್ಡಿನಲ್ಲಿ ಭೇದಿಯಿಂದ ಬಳಲಿದ ಕೂಸನ್ನು ಎತ್ತಿಕೊಂಡು ನಿಂತ ಇನ್ನೊಬ್ಬ ತಾಯಿಗೆ ಓಆರ್‌ಎಸ್ ಹೇಗೆ ಕುಡಿಸಬೇಕೆಂದು ಹೇಳುವಾಗ ಅವಳ ಮಾತಿಗೆ ಬರುವ ತೂಕವೇ ಬೇರೆ.

ಆಡಳಿತಾಧಿಕಾರಿಗಳಿಗೆ, ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಒಂದು ವಿನಂತಿ. ನಿಮ್ಮ ಆಸ್ಪತ್ರೆಯಲ್ಲಿ ಓದುತ್ತಿರುವವರು, ಓದಬೇಕೆಂದಿರುವವರು ಯಾರು ಯಾರು ಎಂದು ಈ ತಿಂಗಳೇ ಕೇಳಿ ಬರೆದುಕೊಳ್ಳಿ. ಅವರ ಪರೀಕ್ಷೆಯ ದಿನಾಂಕಗಳನ್ನು ಪಕ್ಕದಲ್ಲಿಟ್ಟುಕೊಂಡು ಮುಂದಿನ ಡ್ಯೂಟಿ ಪಟ್ಟಿ ತಯಾರಿಸಿ. ಪಾಸಾದ ಮೇಲೆ ಹೊದಿಸುವ ಶಾಲಿಗಿಂತ ಪರೀಕ್ಷೆಯ ಹಿಂದಿನ ದಿನ ಕೊಡುವ ಒಂದು ನೈಟ್ ಆಫ್ ಅವರಿಗೆ ಹೆಚ್ಚು ಬೇಕಾಗಿದೆ.