ಮುಟ್ಟಿದರೆ ಓಡುವ ಲ್ಯಾಪ್‌ಟಾಪ್: ತೂಕವೆಷ್ಟು, ಬೆಲೆಗೆ ತಕ್ಕದ್ದೆಷ್ಟು?



ಮಗಳು ಪಿಯುಸಿ ಪಾಸಾದ ಮನೆಯಲ್ಲಿ ಮೊದಲು ಸೀಟಿನ ಮಾತು, ಆಮೇಲೆ ಫೀಸಿನ ಮಾತು, ಮೂರನೆಯದಾಗಿ ಲ್ಯಾಪ್‌ಟಾಪಿನ ಮಾತು ಬರುತ್ತದೆ. ನಿಮ್ಮ ಮನೆಯಲ್ಲಿ ಇನ್ನೂ ಬಂದಿಲ್ಲದಿದ್ದರೆ ಬರುವ ವರ್ಷ ಬರುತ್ತದೆ. ನಮ್ಮ ಆಪಾ ಮನೆಯಲ್ಲಿ ಬಂತು. ಆಪಾ ಎಂದರೆ ನನ್ನ ಅಕ್ಕ. ಬಟ್ಟೆ ಹೊಲಿದು ಮನೆ ನಡೆಸುವವರು. ಎರಡು ವರ್ಷ ಕಟ್ಟಿದ ಚೀಟಿ ಎತ್ತಿದಾಗ ಕೈಗೆ 60 ಸಾವಿರ ರೂಪಾಯಿ ಬಂದಿತ್ತು. ಮಗಳು ಹೇಳಿದ್ದು ಒಂದೇ ಮಾತು: "ಖಾಲಾ, ಟಚ್ ಇರುವುದೇ ಬೇಕು. ಹಿಂದಕ್ಕೆ ಮಡಚಿದರೆ ಸ್ಲೇಟಿನ ಹಾಗೆ ಆಗುತ್ತದಲ್ಲ, ಅದು." ಆಪಾ ನನ್ನ ಮುಖ ನೋಡಿದರು. "ನೀನು ಬಿ.ಎ. ಓದಿದವಳು, ಮಕ್ಕಳಿಗೆ ಪಾಠ ಹೇಳುವವಳು. ನೋಡಿ ಹೇಳು" ಎಂದರು.

ಮದರಸದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿದ ನನಗೆ ಯಂತ್ರಗಳ ವಿಷಯ ಯಾರೂ ಕಲಿಸಿದ್ದಲ್ಲ. ಪೆಟ್ಟು ತಿಂದು ಕಲಿತದ್ದು. 2020ರಲ್ಲಿ ಶಾಲೆಗಳು ಮುಚ್ಚಿ ಫೋನಿನಲ್ಲಿ ಪಾಠ ಶುರುವಾದಾಗ ಒಂದು ಅಗ್ಗದ ಟಚ್ ಯಂತ್ರ ಕೊಂಡಿದ್ದೆ. ನೋಡಲು ಚೆಂದ, ಕೈಗೆ ಹಗುರ. 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ. ಅರ್ಧದಷ್ಟು ಜಾಗ ವಿಂಡೋಸೇ ತಿಂದುಬಿಟ್ಟಿತು. ಆರು ತಿಂಗಳಲ್ಲಿ ಹೊಸ ಅಪ್‌ಡೇಟ್ ಇಳಿಸಲು ಜಾಗವಿಲ್ಲ ಎಂದು ಕೈಚೆಲ್ಲಿತು. ಪಾಠದ ನಡುವೆ ನಿಂತುಬಿಡುತ್ತಿತ್ತು. ಮಕ್ಕಳು ಆ ಕಡೆಯಿಂದ "ಮಿಸ್, ಮಿಸ್" ಎಂದು ಕೂಗುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಆಪಾಳ ಚೀಟಿ ಹಣಕ್ಕೆ ಆ ಗತಿ ಬರಬಾರದೆಂದು ಈ ಸಲ ಅವಸರ ಮಾಡಲಿಲ್ಲ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಬಳಿ ಅಂಥದ್ದೇ ಮಡಚುವ ಟಚ್ ಲ್ಯಾಪ್‌ಟಾಪ್ ಇತ್ತು. ಕೊಟ್ಟ ಬೆಲೆ 58 ಸಾವಿರ. ಅದನ್ನು ಒಂದು ವಾರಕ್ಕೆ ಕೇಳಿ ತಂದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದು ಜಾಹೀರಾತಲ್ಲ.

ತಕ್ಕಡಿಯ ಮೇಲೆ

ಮೊದಲ ಕೆಲಸ ತೂಕ. ನಮ್ಮದು ಕೆ.ಜಿ.ಎಫ್., ನಂದಿದುರ್ಗ ಗಣಿಯ ಕಡೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ಎಷ್ಟೋ ಮನೆಗಳ ಅನ್ನ ಬೆಂಗಳೂರಿನ ರೈಲಿನಲ್ಲಿದೆ. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ, ಅಲ್ಲಿಂದ ಬೆಂಗಳೂರು. ಹೋಗಲು ಎರಡು ಗಂಟೆಗೂ ಮೇಲೆ, ಬರಲು ಅಷ್ಟೇ. ಎಷ್ಟೋ ದಿನ ನಿಂತುಕೊಂಡೇ. ಇಂಥ ಹುಡುಗಿಯ ಹೆಗಲಿಗೆ ಪ್ರತಿ ನೂರು ಗ್ರಾಮೂ ಲೆಕ್ಕವೇ.

ಪಕ್ಕದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟೆವು. ಅಂಗಡಿಯವರು ನಕ್ಕು, "ಟೀಚರಮ್ಮ, ಕೆ.ಜಿ. ಎಷ್ಟಕ್ಕೆ ಕೊಡ್ತೀರಾ?" ಎಂದರು. ಲ್ಯಾಪ್‌ಟಾಪ್ 1 ಕಿಲೊ 520 ಗ್ರಾಂ. ಚಾರ್ಜರ್ ಮತ್ತು ಅದರ ವೈರು 310 ಗ್ರಾಂ. ಪೆಟ್ಟಿಗೆಯ ಮೇಲೆ ಬರೆಯುವುದು ಯಂತ್ರದ ತೂಕ ಮಾತ್ರ, ಚಾರ್ಜರಿನದಲ್ಲ. ಅದಕ್ಕೆ ಊಟದ ಡಬ್ಬಿ, ನೀರಿನ ಬಾಟಲಿ, ಎರಡು ಪುಸ್ತಕ ಸೇರಿದರೆ ನಾಲ್ಕು ಕಿಲೊ ಹತ್ತಿರ.

ಟಚ್ ಇದ್ದರೆ ತೂಕ ಹೆಚ್ಚಲು ಕಾರಣವಿದೆ. ಬೆರಳಿನ ಒತ್ತಡ ತಡೆಯಲು ಪರದೆಯ ಮೇಲೆ ಗಾಜಿನ ಹೊದಿಕೆ ಬೇಕು, ಆ ಗಾಜನ್ನು ಹೊತ್ತು 360 ಡಿಗ್ರಿ ತಿರುಗಲು ಗಟ್ಟಿ ತಿರುಗಣಿ ಬೇಕು. ಪೂರ್ತಿ ಮಡಚಿ ಸ್ಲೇಟಿನ ಹಾಗೆ ಹಿಡಿದರೆ ಐದು ನಿಮಿಷದಲ್ಲಿ ನನ್ನ ಮಣಿಕಟ್ಟು ನೋಯತೊಡಗಿತು. ತೊಡೆಯ ಮೇಲೆ ಇಟ್ಟುಕೊಂಡರೆ ಪರವಾಗಿಲ್ಲ. ಕೈಯಲ್ಲಿ ಹಿಡಿದು ಓದುವುದೇ ಉದ್ದೇಶವಾದರೆ ಬೇರೆ ಜಾತಿಯ ಯಂತ್ರಗಳಿವೆ. ಮೈಕ್ರೋಸಾಫ್ಟ್ 2021ರಲ್ಲಿ ತಂದ ಸರ್ಫೇಸ್ ಗೋ 3 ಕೇವಲ 544 ಗ್ರಾಂ. ಆದರೆ ಪರದೆ ಹತ್ತೂವರೆ ಇಂಚು, ಕೀಬೋರ್ಡ್ ಕವರ್ ಬೇರೆ, ಪೆನ್ನೂ ಬೇರೆ, ಎರಡಕ್ಕೂ ಬೇರೆ ಹಣ. ಅಂಗಡಿಯಲ್ಲಿ "ಪೆನ್ ಸಪೋರ್ಟ್ ಇದೆ" ಎಂದರೆ ಪೆನ್ನು ಪೆಟ್ಟಿಗೆಯಲ್ಲಿದೆ ಎಂದು ಅರ್ಥವಲ್ಲ. ಈ ಮಾತು ಕೇಳಿ ಮೋಸಹೋದವರು ಬಹಳ.

ಇದೇ ಕರ್ನಾಟಕದ ಒಂದು ಹಳೆಯ ಯಂತ್ರ

ಟಚ್ ಪರದೆಯ ಯಂತ್ರ ಎಂದರೆ ವಿದೇಶದಿಂದ ಬಂದದ್ದು ಎಂದೇ ನಮ್ಮ ಮಕ್ಕಳು ತಿಳಿದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ಪ್ರಾಧ್ಯಾಪಕರು ಎನ್‌ಕೋರ್ ಎಂಬ ಬೆಂಗಳೂರಿನ ಕಂಪನಿಯವರ ಜೊತೆ ಸೇರಿ 2001ರಲ್ಲೇ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರ್ ತೋರಿಸಿದ್ದರು. ಕಡ್ಡಿಯಿಂದ ಮುಟ್ಟಿದರೆ ಕೆಲಸ ಮಾಡುತ್ತಿತ್ತು. ಓದುಬರಹ ಬಾರದವರಿಗೂ ಬೇಕೆಂದು ಬರೆದದ್ದನ್ನು ಕನ್ನಡ, ಹಿಂದಿಯಲ್ಲಿ ಓದಿ ಹೇಳುವ ಏರ್ಪಾಡು ಮಾಡಿದ್ದರು. ಹಳ್ಳಿಗೊಂದು ಯಂತ್ರ, ಮನೆಗೊಂದು ಸ್ಮಾರ್ಟ್ ಕಾರ್ಡ್, ಕಾರ್ಡ್ ತೂರಿಸಿದರೆ ನಿಮ್ಮ ಲೆಕ್ಕ ನಿಮಗೆ ಎಂಬ ಯೋಚನೆ. 2004ರಲ್ಲಿ ಬಿ.ಇ.ಎಲ್. ಕಾರ್ಖಾನೆ ಅದನ್ನು ತಯಾರಿಸಿತು. ಆರಂಭದ ಬೆಲೆ ಸುಮಾರು 10 ಸಾವಿರ. ಮರುವರ್ಷ, 2005ರಲ್ಲಿ, ಎನ್‌ಕೋರ್‌ನವರು ಮೊಬಿಲಿಸ್ ಎಂಬ ಇನ್ನೂ ದೊಡ್ಡ ಟಚ್ ಪರದೆಯ ಯಂತ್ರ ತಂದರು.

ಎರಡೂ ಮನೆ ಮನೆ ಮುಟ್ಟಲಿಲ್ಲ. ಬಹಳ ಮಂದಿ ಕೊಂಡರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ತಾನೆ ಬಹಳ ಮಂದಿ ಕೊಳ್ಳುವುದು. ಆ ಗಂಟು ಬಿಚ್ಚುವಷ್ಟರಲ್ಲಿ ಅಗ್ಗದ ಮೊಬೈಲ್ ಬಂದುಬಿಟ್ಟಿತು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ಲೆಟ್‌ನ ಕಥೆ ಬೇರೆ. ಅದು ನಿಜಕ್ಕೂ ಅಗ್ಗ, ಆದರೆ ಪರದೆಯನ್ನು ಉಗುರಿನಿಂದ ಒತ್ತಬೇಕಿತ್ತು, ವೇಗವೂ ಸಾಲದು. ಅಂಥ ಪರದೆಯಲ್ಲಿ ಎರಡು ಪದರ. ಒತ್ತಿದಾಗ ಒಂದಕ್ಕೊಂದು ತಾಗಬೇಕು. ಇಂದಿನದು ಹಾಗಲ್ಲ, ಬೆರಳಿನಲ್ಲಿರುವ ವಿದ್ಯುತ್ತಿನ ಗುಣವನ್ನೇ ಗುರುತಿಸುತ್ತದೆ. ಅದಕ್ಕೇ ಸವರಿದರೆ ಸಾಕು. ಅದಕ್ಕೇ ಒದ್ದೆ ಕೈಯಲ್ಲಿ, ಹಿಟ್ಟು ಮೆತ್ತಿದ ಕೈಯಲ್ಲಿ ಸರಿಯಾಗಿ ಮಾತು ಕೇಳುವುದಿಲ್ಲ. ಅಡುಗೆ ಮನೆಯಲ್ಲಿ ಇಟ್ಟುಕೊಂಡು ನೋಡುತ್ತೇನೆ ಎನ್ನುವವರಿಗೆ ಇದು ಗೊತ್ತಿರಲಿ.

ಒಂದು ವಾರದ ಪರೀಕ್ಷೆ

ಮೂರು ದಿನ ಹುಡುಗಿ ಅದನ್ನು ಬೆಂಗಳೂರಿಗೆ ಹೊತ್ತಳು. ಮೊದಲ ದಿನ ಸಂಜೆ ಬಂದು ಹೇಳಿದಳು: "ಖಾಲಾ, ರೈಲಿನಲ್ಲಿ ತೆರೆಯಲು ಜಾಗವೇ ಇಲ್ಲ. ಕಿಟಕಿ ಪಕ್ಕ ಸಿಕ್ಕಿತು, ಆದರೆ ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು." ಟಚ್ ಪರದೆಯ ಗಾಜು ಹೊಳಪಿನದು, ಕನ್ನಡಿಯ ಹಾಗೆ. ಪರದೆಯ ಬೆಳಕನ್ನು ನಿಟ್ಸ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಇದರದ್ದು 250. ಮನೆಯೊಳಗೆ ಧಾರಾಳ, ಹಗಲು ಬೆಳಕಿನಲ್ಲಿ ಸಾಲದು. 400 ಇದ್ದರೆ ಒಳ್ಳೆಯದು, ಅಂಥದ್ದಕ್ಕೆ ಬೆಲೆಯೂ ಮೇಲೆ.

ಬ್ಯಾಟರಿಯ ಲೆಕ್ಕ ನಾವೇ ಮಾಡಬಹುದು. "10 ಗಂಟೆ" ಎಂದು ಬರೆದದ್ದನ್ನು ಬಿಟ್ಟುಬಿಡಿ. ಬ್ಯಾಟರಿ ಎಷ್ಟು ವ್ಯಾಟ್-ಅವರ್ ಎಂದು ಕೇಳಿ. ಇದರದ್ದು 43. ಬರೆಯುವುದು, ಓದುವುದು, ವಿಡಿಯೋ ಪಾಠ ಎಲ್ಲ ಸೇರಿ ಯಂತ್ರ ಸುಮಾರು 8 ವ್ಯಾಟ್ ಉಣ್ಣುತ್ತದೆ ಎಂದಿಟ್ಟುಕೊಂಡರೆ ಐದು ಗಂಟೆಗೆ ಸ್ವಲ್ಪ ಮೇಲೆ. ನಮಗೆ ಸಿಕ್ಕಿದ್ದೂ ಅಷ್ಟೇ. ಬೆಳಕು ಪೂರ್ತಿ ಏರಿಸಿದ ದಿನ ನಾಲ್ಕು. ಚಾರ್ಜರ್ ಟೈಪ್-ಸಿ ಆಗಿದ್ದರಿಂದ ಅದರಲ್ಲೇ ಮೊಬೈಲಿಗೂ ಜೀವ ತುಂಬಿದಳು. ಅದೊಂದು ಅನುಕೂಲ.

ವೇಗದ ಬಗ್ಗೆ ದೂರಿಲ್ಲ. ಒಳಗಿದ್ದದ್ದು ಇಂಟೆಲ್ ಐ3, 12ನೇ ಪೀಳಿಗೆಯದು. 8 ಜಿಬಿ ಮೆಮೊರಿ, 512 ಜಿಬಿ ಎಸ್‌ಎಸ್‌ಡಿ. ಲೆಕ್ಕಪತ್ರದ ಹಾಳೆ, ಪಾಠದ ವಿಡಿಯೋ, ಒಂದೇ ಸಲ ಹತ್ತು ಪುಟ ತೆರೆದರೂ ನಡೆಯಿತು. ಹದಿನೈದು ದಾಟಿದ ಮೇಲೆ ಎಳೆಯತೊಡಗಿತು. ಅಲ್ಲಿಯೇ ಇರುವುದು ವಿಷಯ. ಹಗುರ ಯಂತ್ರಗಳಲ್ಲಿ ಬಹಳಷ್ಟಕ್ಕೆ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಮೂರು ವರ್ಷದ ಪದವಿ ಮುಗಿಯುವವರೆಗೆ ಇವತ್ತಿನ 8 ಜಿಬಿಯಲ್ಲೇ ಬದುಕಬೇಕು. ಮೆಮೊರಿ ಚಿಪ್‌ಗಳ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ಜೋರಾಗಿ ಏರಿತು. ಆದ್ದರಿಂದ ಕೊಳ್ಳುವಾಗಲೇ ನಿರ್ಧರಿಸಬೇಕು.

ನಮ್ಮ ಊರಿಗೇ ಸೇರಿದ ಒಂದು ತೊಂದರೆಯೂ ಇದೆ. ಗಾಳಿ ಕಾಲದಲ್ಲಿ ಸೈನೈಡ್ ದಿಬ್ಬದ ಧೂಳು ಹೇಗೆ ಮನೆ ಹೊಗುತ್ತದೆಂದು ಕೆ.ಜಿ.ಎಫ್. ಹೆಂಗಸರಿಗೆ ಹೇಳಬೇಕಾಗಿಲ್ಲ. ಆ ಹಿಟ್ಟಿನಂಥ ಧೂಳು ಫ್ಯಾನಿನೊಳಗೆ, ಕೀಲಿಗಳ ಸಂದಿಯಲ್ಲಿ, ತಿರುಗಣಿಯಲ್ಲಿ ಕೂರುತ್ತದೆ. ಟಚ್ ಗಾಜಿನ ಮೇಲೆ ಧೂಳಿದ್ದಾಗ ಸೆರಗಿನಿಂದ ಒರೆಸಿದರೆ ಗೀರು ಬೀಳುತ್ತದೆ. ಮೊದಲು ಮೃದು ಬ್ರಷ್, ಆಮೇಲೆ ಬಟ್ಟೆ.

ಪರದೆ ಒಡೆದರೆ? ಟಚ್ ಗಾಜೂ ಒಳಗಿನ ಪರದೆಯೂ ಅಂಟಿಕೊಂಡಿರುತ್ತವೆ. ಗಾಜು ಮಾತ್ರ ಬದಲಿಸಲು ಸಾಮಾನ್ಯವಾಗಿ ಆಗದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದಾಗ ಒಬ್ಬರು ಹೇಳಿದ ಖರ್ಚು ಯಂತ್ರದ ಬೆಲೆಯ ಮೂರನೇ ಒಂದು ಭಾಗ. ಆಪಾ ಅಲ್ಲೇ ಕೈಯಿಂದ ಹಣೆ ಮುಟ್ಟಿಕೊಂಡರು.

ನಮ್ಮ ಮನೆಗಳ ಕೆಲವು ಪ್ರಶ್ನೆ

ಮುಖ ನೋಡಿ ತೆರೆದುಕೊಳ್ಳುವ ಬೀಗವನ್ನು ಅಂಗಡಿಯವರು ಬಹಳ ಹೊಗಳುತ್ತಾರೆ. ನಿಖಾಬ್ ಹಾಕುವ ಹುಡುಗಿಗೆ ರೈಲಿನಲ್ಲಿ, ಕಾಲೇಜಿನಲ್ಲಿ ಅದರಿಂದ ಪ್ರಯೋಜನವಿಲ್ಲ. ಬೆರಳಚ್ಚಿನ ಗುಂಡಿ ಇರುವುದನ್ನು ನೋಡಿ. ಪಾತ್ರೆ ತೊಳೆದು, ಸೂಜಿ ಹಿಡಿದು ಬೆರಳಿನ ಗೆರೆ ಸವೆದವರಿಗೆ ಅದೂ ಕೈಕೊಡುತ್ತದೆ, ನಮ್ಮ ಆಪಾಳದ್ದು ಹತ್ತರಲ್ಲಿ ನಾಲ್ಕು ಸಲ ಹಿಡಿಯಿತು. ಅವರಿಗೆ ಪಿನ್ ಸಂಖ್ಯೆಯೇ ಗತಿ.

ಭಾಷೆಯ ಚಿಂತೆ ಬೇಡ. ವಿಂಡೋಸ್ 11ರಲ್ಲಿ ಕನ್ನಡ ಕೀಲಿಮಣೆಯೂ ಇದೆ, ಉರ್ದು ಕೀಲಿಮಣೆಯೂ ಇದೆ, ಎಡಬಲ ಗೊಂದಲವಿಲ್ಲದೆ ಬರುತ್ತವೆ. ಉರ್ದುವಿಗೆ ನಸ್ತಾಲೀಖ್ ಅಕ್ಷರವೂ ಸಿಗುತ್ತದೆ.

ಹಳೆಯ ಯಂತ್ರ ಕೊಳ್ಳುವವರಿದ್ದರೆ ಒಂದು ಎಚ್ಚರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದರ ನಂತರದ್ದು ಇರಬೇಕು. ಹೊರಗೆ ಥಳಥಳ ಹೊಳೆಯುವ 6ನೇ ಪೀಳಿಗೆಯ ಟಚ್ ಲ್ಯಾಪ್‌ಟಾಪನ್ನು 15 ಸಾವಿರಕ್ಕೆ ಕೊಡುತ್ತೇನೆಂದರೆ ಬೇಡವೆನ್ನಿ.

"ನೋ ಕಾಸ್ಟ್ ಇಎಂಐ" ಬಗ್ಗೆ ಆಪಾ ಬಹಳ ಕೇಳಿದರು, ಬಡ್ಡಿಯಿಲ್ಲ ತಾನೆ ಎಂದು. ಸಾಮಾನ್ಯವಾಗಿ ನಡೆಯುವುದು ಹೀಗೆ: ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಆ ಬಡ್ಡಿಯಷ್ಟು ಹಣವನ್ನು ಬೆಲೆಯಲ್ಲಿ ಮೊದಲೇ ರಿಯಾಯಿತಿ ಎಂದು ಕಳೆದಿರುತ್ತಾರೆ. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ, ಹಲವು ಕಡೆ ಸೇವಾಶುಲ್ಕವೂ ಬೇರೆ. ಹೆಸರಿನಲ್ಲಿ ಮಾತ್ರ ಬಡ್ಡಿಯಿಲ್ಲ. ಆಪಾ ಅದನ್ನು ಕೇಳಿ ಚೀಟಿ ಹಣದಲ್ಲೇ ಆಗುವುದನ್ನು ನೋಡೋಣ ಎಂದರು.

ಕೊನೆಗೆ ತಂದದ್ದು

ವಾರ ಮುಗಿದ ಮೇಲೆ ಹುಡುಗಿಯನ್ನು ಕೂರಿಸಿ ಕೇಳಿದೆ: ಮೂರು ದಿನದಲ್ಲಿ ಪರದೆಯನ್ನು ಎಷ್ಟು ಸಲ ಮುಟ್ಟಿದೆ? ಯೋಚಿಸಿ, "ಪುಟ ಸರಿಸಲು, ಅಷ್ಟೇ ಖಾಲಾ" ಎಂದಳು. ಟೈಪ್ ಮಾಡುವ ಕೈ ಎತ್ತಿ ಪರದೆಗೆ ಚಾಚಿದರೆ ಭುಜ ನೋಯುತ್ತದೆ, ಮುಟ್ಟಿದಾಗೊಮ್ಮೆ ಪರದೆ ಅಲುಗಾಡುತ್ತದೆ. ಅವಳಿಗೆ ನಿಜವಾಗಿ ಬೇಕಿದ್ದುದು ಸಂಜೆ ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳುವಾಗ ಲೆಕ್ಕ ಬರೆದು ತೋರಿಸಲು. ಆ ಕೆಲಸಕ್ಕೆ ಯಾವುದೇ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಸಣ್ಣ ಬರೆಯುವ ಹಲಗೆ ಸಿಗುತ್ತದೆ, ಪೆನ್ನೂ ಅದರ ಜೊತೆಗೇ.

ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಟಚ್ ಇಲ್ಲದ 14 ಇಂಚಿನ ಯಂತ್ರ ತಂದೆವು. 1 ಕಿಲೊ 380 ಗ್ರಾಂ, 16 ಜಿಬಿ ಮೆಮೊರಿ, ಹೊಳಪಿಲ್ಲದ ಪರದೆ, ಬೆರಳಚ್ಚಿನ ಗುಂಡಿ. 48 ಸಾವಿರ. ಬರೆಯುವ ಹಲಗೆ ಮೂರು ಸಾವಿರ. ಉಳಿದ ಒಂಬತ್ತು ಸಾವಿರ ಎರಡನೇ ಸೆಮಿಸ್ಟರಿನ ಫೀಸಿಗೆ. ಹುಡುಗಿಯ ಮುಖ ಒಂದು ದಿನ ಸಣ್ಣದಾಗಿತ್ತು, ಸುಳ್ಳು ಹೇಳಲಾರೆ.

ಹಾಗೆಂದು ಟಚ್ ವ್ಯರ್ಥ ಎನ್ನುತ್ತಿಲ್ಲ. ಬಂಗಾರಪೇಟೆಯಲ್ಲಿ ನನ್ನ ನಾದಿನಿ ಇದ್ದಾಳೆ. ಮನೆಯಲ್ಲೇ ಕೂತು ಫೋನಿನ ಮೂಲಕ ಗಣಿತ ಹೇಳಿಕೊಡುತ್ತಾಳೆ, ಮೂರು ಸಣ್ಣ ಮಕ್ಕಳಿದ್ದಾರೆ, ಅತ್ತೆಗೆ ಮೌಸ್ ಹಿಡಿಯಲು ಬಾರದು. ಯಂತ್ರ ಮನೆ ಬಿಟ್ಟು ಹೋಗುವುದೇ ಇಲ್ಲ, ತೂಕದ ಗೋಜಿಲ್ಲ. ಅವಳಿಗೆ ಮಡಚುವ ಟಚ್ ಯಂತ್ರವನ್ನೇ ಕೊಳ್ಳು ಎಂದು ನಾನೇ ಹೇಳಿದ್ದೇನೆ. ಅಂಗಡಿಯಲ್ಲಿ ಅವಳು ನೋಡಬೇಕಾದದ್ದು ಇಷ್ಟು: ಮೇಜಿನ ಮೇಲಿಟ್ಟು ಒಂದು ಬೆರಳಿನಿಂದ ಪರದೆ ಎತ್ತಿದರೆ ಕೆಳಭಾಗ ಏಳಬಾರದು. ಪರದೆಯ ಮೂಲೆಯಲ್ಲಿ ಬರೆದಾಗ ಅಲುಗಾಟ ತಕ್ಷಣ ನಿಲ್ಲಬೇಕು. ಪೆನ್ನು ಕೊಡುತ್ತಾರೋ ಇಲ್ಲವೋ ಬಿಲ್ಲಿನಲ್ಲೇ ಬರೆಸಬೇಕು, ಸೀರಿಯಲ್ ನಂಬರ್ ಸಹಿತ.

ನಮ್ಮ ಹುಡುಗಿಯ ಯಂತ್ರಕ್ಕೆ ಆಪಾ ಅಂಗಡಿಯ ಬ್ಯಾಗ್ ಕೊಳ್ಳಲು ಬಿಡಲಿಲ್ಲ. ಯಾರದೋ ಮದುವೆಯ ಕುರ್ತಾ ಹೊಲಿದು ಉಳಿದಿದ್ದ ಮಖಮಲ್ಲನ್ನು ಒಳಗೆ ಹಾಕಿ, ಹೊರಗೆ ದಪ್ಪ ಕ್ಯಾನ್ವಾಸ್ ಕೊಟ್ಟು ತಾವೇ ಚೀಲ ಹೊಲಿದರು. ಧೂಳು ಹೋಗದಂತೆ ಬಾಯಿಗೆ ಎರಡು ಮಡಿಕೆ, ಚಾರ್ಜರಿಗೆ ಬೇರೆ ಜೇಬು. ಅದನ್ನು ನೋಡಿ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತುವ ಇಬ್ಬರು ಹುಡುಗಿಯರು ತಮಗೂ ಒಂದೊಂದು ಬೇಕೆಂದು ಅಳತೆ ಕೊಟ್ಟುಹೋಗಿದ್ದಾರೆ.