ಒಂದು ಆಂಟೆನಾ, ಎರಡು ಟಿವಿ: ಗಡಿಭಾಗದ ಮನೆಯಲ್ಲಿ ಕನ್ನಡದ ಸಿಗ್ನಲ್

ನನ್ನದು ಸಾಂಗಲಿ ಜಿಲ್ಲೆ ಜತ್ತ ತಾಲ್ಲೂಕಿನ ಸೊರಡಿ. ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ಗಡಿನಾಡ ಕನ್ನಡ ಅಂದ ಕೂಡಲೇ ನಾವು ಶಾಲೆ, ಪಠ್ಯಪುಸ್ತಕ, ಮಹಾಜನ ವರದಿ ಇವುಗಳನ್ನೇ ಚರ್ಚಿಸುತ್ತೇವೆ. ಇವತ್ತು ನಾನು ಮಾಳಿಗೆ ಮೇಲಿನ ಆಂಟೆನಾ ಬಗ್ಗೆ ಮಾತಾಡ್ತೀನಿ. ಮನೆಯೊಳಗೆ ಯಾವ ಭಾಷೆ ಕೇಳಿಸುತ್ತದೆ ಅನ್ನೋದು ಸಿಗ್ನಲ್ ಎಷ್ಟು ಬರುತ್ತದೆ ಅನ್ನೋದರ ಜೊತೆಗೆ, ಅದನ್ನು ಹಿಡಿದು ಹಂಚುವ ಬಗೆಯ ಮೇಲೂ ನಿಂತಿದೆ. ಇದು ನನ್ನ ವಾದ.

ಮೊದಲು ಸ್ವಲ್ಪ ಇತಿಹಾಸ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆಯ್ಕೆಯಾದವು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಕಾರ್ಯಕ್ರಮಗಳು ಕನ್ನಡದಲ್ಲೂ ಇದ್ದವು. ಆ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ ಇರಲಿಲ್ಲ. ವಿಜಾಪುರ ಜಿಲ್ಲೆಗೆ ಅಂಟಿಕೊಂಡಿರುವ ಜತ್ತ ಹೊರಗೇ ಉಳಿಯಿತು. ಉಪಗ್ರಹದ ಕಿರಣಕ್ಕೆ ಜಿಲ್ಲೆಯ ಗಡಿ ಗೊತ್ತಿಲ್ಲ. ಟಿವಿ ಪೆಟ್ಟಿಗೆ ಹಂಚಿದ ಪಟ್ಟಿಗೆ ಗೊತ್ತಿತ್ತು.

ಮುಂದೆ ಗುಲಬರ್ಗಾ, ಬೆಂಗಳೂರು ಕೇಂದ್ರಗಳು ಬಂದವು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಹಳ್ಳಿ ಮನೆಗಳ ಮೇಲೆ ಯಾಗಿ-ಉದಾ ಆಂಟೆನಾ ಎದ್ದವು. ಜಪಾನಿನ ಇಬ್ಬರು ವಿಜ್ಞಾನಿಗಳ ಹೆಸರು ಹೊತ್ತ ಈ ಆಂಟೆನಾ ಮುಖ ಮಾಡಿದ ಕಡೆಯದನ್ನು ಹೆಚ್ಚು ಹಿಡಿಯುತ್ತದೆ, ಉಳಿದ ದಿಕ್ಕಿನದನ್ನು ಕಡಿಮೆ. ನಮ್ಮಲ್ಲಿ ಪೂರ್ವಕ್ಕೆ ವಿಜಯಪುರ, ಪಶ್ಚಿಮಕ್ಕೆ ಸಾಂಗಲಿ. ಹೀಗಾಗಿ ಕೊಳವೆ ತಿರುಗಿಸೋದು ಅಂದ್ರೆ ಭಾಷೆ ಆರಿಸೋದೂ ಆಗಿತ್ತು. "ಇನ್ನ ಸ್ವಲ್ಪ ಈ ಕಡೆ, ಬಂತು, ಬಂತು, ಹೋತು!" ಅನ್ನೋ ಕೂಗು ಕೇಳದ ಓಣಿ ಇರಲಿಲ್ಲ ಅಂತ ನಮ್ಮ ಮುತ್ಯಾ ಹೇಳ್ತಿದ್ದರು.

ಮನೆಗೆ ಎರಡನೇ ಟಿವಿ ಬಂದಾಗ ಸಮಸ್ಯೆ ಬೇರೆ. ಸ್ಪ್ಲಿಟರ್ ಹಾಕಿದರೆ ಪ್ರತಿ ಟಿವಿಗೆ ಸಿಗೋದು ಅರ್ಧ ಶಕ್ತಿ, ಅಂದರೆ 3 ಡೆಸಿಬೆಲ್ ನಷ್ಟ. ನಾಲ್ಕು ಟಿವಿಗೆ ಕಾಲು ಭಾಗ, 6 ಡೆಸಿಬೆಲ್. ವಾಸ್ತವದಲ್ಲಿ ಇನ್ನೂ ಒಂದಿಷ್ಟು ಹೆಚ್ಚೇ ಹೋಗುತ್ತದೆ. ಮೊದಲೇ ದೂರದ ಸಿಗ್ನಲ್ ಆದ್ದರಿಂದ ಪರದೆ ಮೇಲೆ ಬರೇ 'ಮಳೆ'. ಆಗ ಬೂಸ್ಟರ್ ಬೇಕು. ಆದರೆ ಬೂಸ್ಟರ್ ಸಿಗ್ನಲ್ ಹುಟ್ಟಿಸೋದಿಲ್ಲ. ತನ್ನ ಬಾಯಿಗೆ ಬಂದ ಗದ್ದಲವನ್ನೂ ಚಿತ್ರದ ಜೊತೆಗೇ ದೊಡ್ಡದು ಮಾಡಿ, ತನ್ನದೂ ಒಂದಿಷ್ಟು ಗದ್ದಲ ಸೇರಿಸುತ್ತದೆ. ಅದಕ್ಕೇ ಅದನ್ನು ಟಿವಿ ಹಿಂದೆ ಇಡದೆ, ಕೊಳವೆಯ ತುದಿಯಲ್ಲಿ, ಆಂಟೆನಾ ಪಕ್ಕದಲ್ಲೇ ಕಟ್ಟಬೇಕು. ವೈರಿನಲ್ಲೂ ಸ್ಪ್ಲಿಟರಿನಲ್ಲೂ ಶಕ್ತಿ ಸೋರುವ ಮೊದಲೇ ಸಿಗ್ನಲ್ಲಿಗೆ ಬಲ ಸಿಗಬೇಕು. ಚಪ್ಪಟೆ ವೈರ್ 300 ಓಮ್, ದುಂಡನೆಯ ಕೇಬಲ್ 75 ಓಮ್. ಇವೆರಡರ ನಡುವೆ ಬಾಲನ್ ಇಲ್ಲದಿದ್ದರೆ ಅಲ್ಲೂ ಪೋಲು.

ಇನ್ನೊಂದು ಉಪಾಯ, ಎರಡು ದಿಕ್ಕಿಗೆ ಎರಡು ಆಂಟೆನಾ. ಆದರೆ ಎರಡನ್ನೂ ಸುಮ್ಮನೆ ಒಂದೇ ಕೇಬಲಿಗೆ ಜೋಡಿಸಿದರೆ ಒಂದೇ ಚಿತ್ರ ಎರಡೂ ಆಂಟೆನಾದಿಂದ ಹಿಂದೆಮುಂದೆ ಬಂದು ನೆರಳು ಬೀಳುತ್ತದೆ. ಸ್ವಿಚ್ ಇಟ್ಟು ಆಯಾ ಹೊತ್ತಿಗೆ ಒಂದನ್ನೇ ಆರಿಸಬೇಕು.

ಈಗ ಈ ಅಧ್ಯಾಯ ಮುಗಿದಿದೆ. 2022ರ ಮಾರ್ಚ್ ಹೊತ್ತಿಗೆ ಪ್ರಸಾರ ಭಾರತಿ ತನ್ನ ಹೆಚ್ಚುಕಡಿಮೆ ಎಲ್ಲ ಅನಲಾಗ್ ಪ್ರಸಾರ ಗೋಪುರಗಳನ್ನು ನಿಲ್ಲಿಸಿತು. ಈಗಿರೋದು ಛತ್ರಿ, ಡಿಡಿ ಫ್ರೀ ಡಿಶ್. ಎಲ್ಲರ ಛತ್ರಿಯೂ ಒಂದೇ ಉಪಗ್ರಹದ ಕಡೆಗೆ. ಚಂದನ, ಸಹ್ಯಾದ್ರಿ ಎರಡೂ ಅದರಲ್ಲೇ ಬರ್ತವೆ. ದಿಕ್ಕಿನ ಜಗಳ ತೀರಿತು ಅನ್ನಿಸುತ್ತದೆ.

ಆದರೆ ಹಂಚಿಕೆಯ ಪ್ರಶ್ನೆ ಹಾಗೇ ಇದೆ. ಒಂದೇ ಬಾಕ್ಸಿನಿಂದ ಎರಡು ಟಿವಿಗೆ ವೈರ್ ಎಳೆದರೆ ಎರಡರಲ್ಲೂ ಒಂದೇ ಚಾನೆಲ್. ರಿಮೋಟ್ ಯಾರ ಕೈಯಲ್ಲಿದೆಯೋ ಅವರ ಭಾಷೆ. ಬೇರೆಬೇರೆ ನೋಡಬೇಕಾದರೆ ಎರಡು ಬಾಕ್ಸ್ ಬೇಕು, ಛತ್ರಿಗೆ ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ ಬೇಕು. ಹಳೇ ಆಂಟೆನಾದ ಸ್ಪ್ಲಿಟರ್ ಇಲ್ಲಿ ನಡೆಯೋದಿಲ್ಲ. ಯಾಕಂದ್ರೆ ಬಾಕ್ಸು ಅದೇ ಕೇಬಲ್ ಮೂಲಕ 13 ಅಥವಾ 18 ವೋಲ್ಟ್ ಮೇಲಕ್ಕೆ ಕಳಿಸಿ ಎಲ್‌ಎನ್‌ಬಿಗೆ ಯಾವ ಅಲೆ ಬೇಕೆಂದು ತಿಳಿಸುತ್ತದೆ. ಎರಡು ಬಾಕ್ಸ್ ಎರಡು ಥರ ಕೇಳಿದರೆ ಗೊಂದಲ.

ನಮ್ಮ ಮನೆಯಲ್ಲಿ ಬಾಕ್ಸ್ ಒಂದೇ ಇದ್ದಾಗ ಸಂಜೆಯ ಹೊತ್ತು ಮಕ್ಕಳ ಮರಾಠಿ ಕಾರ್ಯಕ್ರಮಗಳೇ ಓಡುತ್ತಿದ್ದವು. ಅಜ್ಜಿಗೆ ಮರಾಠಿ ಅಷ್ಟಕ್ಕಷ್ಟೇ. ಒಳಕೋಣೆಯ ಟಿವಿ ಮುಂದೆ ಸುಮ್ಮನೆ ಕೂತಿರ್ತಿದ್ದಳು. ಎರಡನೇ ಬಾಕ್ಸ್ ಬಂದ ಮೇಲೆ ಒಳಕೋಣೆಯಲ್ಲಿ ಚಂದನ ಹತ್ತಿತು. ಮಕ್ಕಳೂ ಆಗೀಗ ಅಲ್ಲಿ ಹೋಗಿ ಕೂತು, ತಿಳಿಯದ ಶಬ್ದಕ್ಕೆ ಅಜ್ಜಿಯನ್ನು ಕೇಳ್ತಾರೆ. ಮರಾಠಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ, ನಾನು ಅದರಲ್ಲೂ ಓದಿದವನು. ಗಡಿನಾಡ ಕನ್ನಡದ ಸಮೀಕ್ಷೆಗೆ ಹೋದಾಗ "ಮನೆಯಲ್ಲಿ ಟಿವಿ ಇದೆಯೇ?" ಎಂದು ಕೇಳಿ ಬಿಡೋದು ಸಾಲದು ಅಂತ ಮಾತ್ರ ನನ್ನ ಅರಿಕೆ. ಎಷ್ಟು ಬಾಕ್ಸ್, ಯಾವ ಕೋಣೆಗೆ ಯಾವ ವೈರ್, ರಿಮೋಟ್ ಯಾರ ಕೈಯಲ್ಲಿ ಅನ್ನೋದನ್ನೂ ಕೇಳಬೇಕು.